ಅಕ್ಕನ ಕೈಯಲ್ಲಿದ್ದ ಬೆಲ್ಲ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದೆ, ಯಾವಾಗ ಎದ್ದೇನು ಅಂತ. "ಇವಳ ಕಾಲಿಗೆ ಚಕ್ರ ಕಟ್ಟಿಯೇ ಬ್ರಹ್ಮ ಕಳಿಸಿದ್ದಾನೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಇಂಥವಳು ಎಂ.ಎ. ಮುಗಿಸಿ ಸಂಶೋಧನೆಗೆ ಅಂತ ಆರಿಸಿಕೊಂಡದ್ದು ಯಾವ ವಿಷಯ ಅನ್ನುತ್ತೀರಿ? ನಮ್ಮ ಕಡೆಯ ಹಳ್ಳಿಗಳ ಹಿರಿಯರು ಕಟ್ಟೆಯ ಮೇಲೆ ಕೂತು ಜಗಳ ತೀರಿಸುವ ಬಗೆ! ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಕೂರುತ್ತಾರೆ, ಮಧ್ಯಾಹ್ನ ಕೂತರೆ ದೀಪ ಹಚ್ಚುವವರೆಗೆ. ನಾನು ಅವರ ಪಕ್ಕದಲ್ಲಿ ಕೂತು ಕಾಲು ಜೋಮು ಹಿಡಿಸಿಕೊಂಡು, ಬೆರಳು ಮುರಿಯುತ್ತಾ, ಇವರು ವಿಷಯಕ್ಕೆ ಯಾವಾಗ ಬರುತ್ತಾರಪ್ಪಾ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಅರವತ್ತರ ದಶಕ ಶುರುವಾದ ಹೊಸತು. ಅಪ್ಪ ಊರಿಗಾಂನ ಚಿನ್ನದ ಗಣಿಯಲ್ಲಿ ಟೈಮ್‌ಕೀಪರ್ ಆಗಿದ್ದರು. ನಮ್ಮದು ಕಂಪನಿಯ ಲೈನು ಮನೆ. ಆ ಕಡೆ ಗೋಡೆಗೆ ತಮಿಳಿನವರು, ಈ ಕಡೆ ಗೋಡೆಗೆ ತೆಲುಗಿನವರು, ನಡುವೆ ನಾವು. ನಲ್ಲಿಯ ಹತ್ತಿರ ಮೂರೂ ಭಾಷೆಯಲ್ಲಿ ಜಗಳ ಆಗುತ್ತಿತ್ತು, ಮೂರೂ ಭಾಷೆಯ ಬೈಗುಳ ನನಗೆ ಬಾಯಿಪಾಠ. ಜಗಳ ದೊಡ್ಡದಾದರೆ ರಾಬರ್ಟ್‌ಸನ್‌ಪೇಟೆಯಲ್ಲಿ ವಕೀಲರಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಮಾತನ್ನು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರ ಅಣ್ಣತಮ್ಮಂದಿರು ಹೊಲದ ಬದುವಿನ ವಿಚಾರಕ್ಕೆ ಕೋರ್ಟು ಹತ್ತಿ ಹೊಲವನ್ನೂ ಕಳೆದುಕೊಂಡು, ಮಾತನ್ನೂ ಕಳೆದುಕೊಂಡಿದ್ದರು. ಹಾಗಾಗಿ ಕೋರ್ಟಿಲ್ಲದೆ ಜನ ಹೇಗೆ ರಾಜಿಯಾಗುತ್ತಾರೆ ಎಂದು ನಾನು ಹುಡುಕಲು ಹೊರಟಾಗ ಅಪ್ಪನಿಗೆ ಖುಷಿಯೇ ಆಗಿತ್ತು. ಮೈಸೂರಿನ ನನ್ನ ಮೇಷ್ಟ್ರಿಗೆ ಇನ್ನೂ ಖುಷಿ. "ಜಗತ್ತೆಲ್ಲ ಬಾಂಬು ಹಿಡಿದುಕೊಂಡು ಶಾಂತಿ ಶಾಂತಿ ಅನ್ನುತ್ತಿದೆ, ನೀವು ಹೊಂಗೆ ಮರದ ಕೆಳಗೆ ಅದನ್ನು ತೋರಿಸಿ" ಅಂದಿದ್ದರು. ಮೇಷ್ಟ್ರು ಹೊಂಗೆ ಮರದ ಕೆಳಗೆ ಒಂದು ಗಂಟೆಯಾದರೂ ಕೂತವರಲ್ಲ. ಅಲ್ಲಿ ಎಷ್ಟು ಇರುವೆ ಇರುತ್ತವೆ ಅಂತ ಅವರಿಗೆ ಗೊತ್ತಿರಲಿಲ್ಲ.

ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿಗೆ ಅಕ್ಕನನ್ನು ಕೊಟ್ಟಿದ್ದರು. ಬೇಸಾಯದ ಮನೆ, ರಾಗಿ, ಅವರೆ, ಎರಡು ಕರೆಯುವ ಎಮ್ಮೆ. ಭಾವನ ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮನೆಯ ಯಜಮಾನಿಕೆ ಅಕ್ಕನ ಅತ್ತೆಯದು. ನಾನೂ ಅವರನ್ನು ಅತ್ತೆಮ್ಮ ಅಂತಲೇ ಕರೆಯುತ್ತಿದ್ದೆ. ಅಕ್ಕನ ಮನೆ ಇದ್ದುದರಿಂದಲೇ ಆ ಹಳ್ಳಿಯನ್ನು ನನ್ನ ಕೆಲಸಕ್ಕೆ ಹಿಡಿದದ್ದು. ಊರಿಗಾಂನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ನಡೆದರೆ ಬಿಸಿಲೇರುವ ಮುಂಚೆ ಅಕ್ಕನ ಮನೆ. ಅತ್ತೆಮ್ಮ ಮುದ್ದೆ ಇಟ್ಟು, "ಓದ್ದೋರ್ಗೂ ಒಟ್ಟೆ ಅಸೀತದಾ?" ಅಂತ ಕೆಣಕುತ್ತಿದ್ದರು. ಬಾಯಿ ಜೋರು, ಕೈ ಧಾರಾಳ. ಅಕ್ಕನ ಮಗಳಿಗೆ ಆಗಿನ್ನೂ ಮೂರು ತುಂಬಿ ನಾಲ್ಕು. ಅಜ್ಜಿಯ ಸೆರಗು ಹಿಡಿದೇ ಓಡಾಡುತ್ತಿದ್ದಳು.

ಆ ಊರಿನ ಹೊಂಗೆ ಮರದ ಕಟ್ಟೆಯ ಕ್ರಮ ನನಗೆ ಮೊದಮೊದಲು ಹುಚ್ಚು ಹಿಡಿಸುವಷ್ಟು ನಿಧಾನ ಅನ್ನಿಸಿ, ಬರುಬರುತ್ತಾ ಅದರ ಮೇಲೆ ಮೋಹವೇ ಬೆಳೆಯಿತು. ಜಗಳವಾಡಿದ ಎರಡೂ ಕಡೆಯವರು ಬರುತ್ತಾರೆ. ಹಿರಿಯರು ಮಳೆ ಬೆಳೆ ಮಾತಾಡುತ್ತಾರೆ, ಯಾರದೋ ಎತ್ತಿನ ಕಾಲುಬಾಯಿ ರೋಗದ ಮಾತಾಡುತ್ತಾರೆ. ಜಗಳದ ಮಾತು ಬಂದರೂ, ತಪ್ಪು ಯಾರದು ಎಂದು ಯಾರೂ ಕೇಳುವುದಿಲ್ಲ. ಅದೇ ಅವರ ದೊಡ್ಡ ನಿಯಮ. "ತಪ್ಪು ಕೆದಕಿದ್ರೆ ಗಾಯ ಕೆದಕ್ದಂಗೆ ಕಣಮ್ಮ. ಇಬ್ರದೂ ಅಂದ್ಬುಟ್ರೆ ಇಬ್ರೂ ಉಳೀತಾರೆ" ಎಂದು ಕಟ್ಟೆಯ ಯಜಮಾನರು ನನಗೆ ವಿವರಿಸಿದ್ದರು. ಹೋಗಲಿ ಬಿಡು ಅನ್ನಬೇಕಾದಾಗ ಮಾತ್ರ ಅವರು ತೆಲುಗಿಗೆ ಜಾರುತ್ತಿದ್ದರು. "ಪೋನೀಲೇ" ಅನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಎಂಥೆಂಥ ಜಗಳ ಕರಗಿದ್ದನ್ನು ನಾನೇ ನೋಡಿದ್ದೇನೆ. ಕೊನೆಗೆ ಹಿತ್ತಾಳೆ ತಟ್ಟೆಯಲ್ಲಿ ಬೆಲ್ಲದ ಚೂರು ಬರುತ್ತದೆ. ಎರಡೂ ಕಡೆಯವರು ಒಂದೇ ತಟ್ಟೆಯಿಂದ ತೆಗೆದುಕೊಂಡು ಬಾಯಿಗೆ ಹಾಕಬೇಕು. ಹಾಕಿದರೆ ಜಗಳ ಸತ್ತಂತೆ, ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ತಟ್ಟೆ ಇಟ್ಟ ಮೇಲೆ ಎರಡೂ ಕಡೆಯವರ ಬಾಯಿಗೆ ಬೆಲ್ಲ ಬೀಳುವವರೆಗೆ ಕಟ್ಟೆಯಿಂದ ಯಾರೂ ಏಳುವ ಹಾಗೂ ಇಲ್ಲ. ಎದ್ದರೆ ಊರಿಗೆ ಕೇಡು ಎಂದು ನಂಬಿಕೆ.

ಇದನ್ನು ನಾನು ಮೇಷ್ಟ್ರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟಿದ್ದರು. "ನೋಡಿ, ಅಪರಾಧಿಯೇ ಇಲ್ಲದ ನ್ಯಾಯ!" ಅಂದರು. ನನಗೂ ಹೆಮ್ಮೆಯಾಗಿತ್ತು, ಬೆಲ್ಲ ನಮ್ಮ ಮನೆಯದೇ ಅನ್ನುವಷ್ಟು.

ಆ ವರ್ಷ ಸಂಕ್ರಾಂತಿ ಕಳೆದು ರಾಗಿ ಕಣ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಅಕ್ಕ ಊರಿಗಾಂ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲವಿಲ್ಲ, ಜೊತೆಗೆ ಮಗುವಿಲ್ಲ. ಕೂದಲಲ್ಲಿ ರಾಗಿ ಹೊಟ್ಟು. ಎಡಗೆನ್ನೆ ಊದಿತ್ತು. ಕಣಕ್ಕೆ ಬುತ್ತಿ ತರುವುದು ತಡವಾಯಿತೆಂದು ಭಾವ ಕೂಗಾಡಿದನಂತೆ. ಎಮ್ಮೆ ಹಗ್ಗ ಬಿಚ್ಚಿಕೊಂಡು ಹೋಗಿತ್ತು, ನಾನೇನು ಮಾಡಲಿ ಅಂದಳಂತೆ ಅಕ್ಕ. ಕೂಲಿಯವರು, ನೆರೆಯವರು, ಕಣದ ಗುಂಡುಕಲ್ಲಿಗೆ ಕಟ್ಟಿದ ಎತ್ತು ಹೊಡೆಯುತ್ತಿದ್ದ ಹುಡುಗರು, ಎಲ್ಲರೂ ನೋಡುತ್ತಿದ್ದಂತೆ ಹೊಡೆದನಂತೆ. ಅಕ್ಕ ಬುತ್ತಿಯನ್ನು ಕಣದ ಅಂಚಿಗಿಟ್ಟು, ಬಂಗಾರಪೇಟೆ ಸ್ಟೇಷನ್ನಿನ ದಾರಿ ಹಿಡಿದು ನಡೆದೇಬಿಟ್ಟಳಂತೆ. ಮಗು ಹುಣಸೆ ಮರದ ಕೆಳಗೆ ಅಜ್ಜಿಯ ಪಕ್ಕದಲ್ಲಿ ನಿದ್ದೆ ಹೋಗಿತ್ತು.

"ಇದೇ ಮೊದಲಾ?" ಎಂದು ಕೇಳಿದೆ.

"ಒಳಗೆ ಆಗ್ತಿತ್ತು," ಅಂದಳು ಅಕ್ಕ. "ಕಣದಲ್ಲಿ ಇದೇ ಮೊದಲು."

ಅಲ್ಲಿಗೇ ಎಷ್ಟೋ ಸಲ ಹೋಗಿ ಉಂಡು ಬಂದವಳು ನಾನು. ನನಗೆ ಗೊತ್ತಿರಲಿಲ್ಲ. ಸಿಟ್ಟು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಆ ದಿನದಿಂದ ಭಾವನಿಗೆ ಬಹುವಚನ ಕೊಡುವುದನ್ನು ನಿಲ್ಲಿಸಿದೆ. ಅಮ್ಮ ಗದರಿದಳು. ನಾನು ನಿಲ್ಲಿಸಿದ್ದು ನಿಲ್ಲಿಸಿದ್ದೇ.

ಮಾರನೇ ದಿನವೇ ಆ ಕಡೆಯಿಂದ ಮಾತು ಬಂತು. ತಾಯಿ ಬೇಕಾದರೆ ಬರಲಿ, ಮಗುವನ್ನು ಕಳಿಸುವುದಿಲ್ಲ. ನಾನು ಪೊಲೀಸು ಅಂದೆ, ವಕೀಲರು ಅಂದೆ, ರಾಬರ್ಟ್‌ಸನ್‌ಪೇಟೆಗೆ ಈಗಲೇ ಹೋಗೋಣ ಅಂತ ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ಒಂದೇ ಮಾತು ಕೇಳಿದರು. "ಕೋರ್ಟು ಕಚೇರಿ ಬೇಡ, ಕಟ್ಟೆಯೇ ಸರಿ ಅಂತ ಪುಸ್ತಕ ಬರೀತಿರೋಳು ಯಾರಮ್ಮ?" ಚಪ್ಪಲಿ ಬಿಚ್ಚಿದೆ. ಆದರೆ ಕೂರಲಿಲ್ಲ. ಆ ದಿನಗಳಲ್ಲಿ ಲೈನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೂ ನಡೆದೂ ನಾನೇ ಸವೆದುಹೋದೆ. ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆದ್ದು ಮನೆಯೊಳಗೆ ಬಂದರೆ ಅದರ ಮೇಲೂ ರೇಗುತ್ತಿದ್ದೆ.

ಅಕ್ಕ ಮಾತ್ರ ಕೂತೇ ಇರುತ್ತಿದ್ದಳು. ಅಳುತ್ತಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆಯ ಅಂಚಿನಿಂದ ಗೋಲಿಯಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ತಟ್ಟೆಯ ಪಕ್ಕಕ್ಕೆ ಇಡುತ್ತಿದ್ದಳು. ಇಟ್ಟ ಮೇಲೆ ನೆನಪಾಗಿ ತಾನೇ ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದೆವು. ಚಾಂಪಿಯನ್ ರೀಫ್ಸ್ ಗಣಿಯ ಕಡೆ ನೆಲದಾಳದಲ್ಲಿ ಬಂಡೆ ಸಿಡಿದು ಮನೆ ಅಲುಗಿತು, ಗೂಡಿನ ಲೋಟಗಳು ಗಲಗಲ ಅಂದವು. ನಮಗೆಲ್ಲ ಅದು ಅಭ್ಯಾಸ, ಯಾರೂ ಏಳಲಿಲ್ಲ. ಅಕ್ಕ ನಿದ್ದೆಯಲ್ಲೇ ಕೈ ಚಾಚಿ ಪಕ್ಕದ ಬರಿ ಚಾಪೆಯನ್ನು ಅಪ್ಪಿದಳು. ಆಮೇಲೆ ಕಣ್ಣು ಬಿಟ್ಟು ಆ ಕೈಯನ್ನೇ ನೋಡುತ್ತಾ ಮಲಗಿದ್ದಳು. ಆಚೆಮನೆಯ ತಮಿಳು ಅಜ್ಜಿ ದಿನಾ ಬಂದು "ಕೊಳಂದೆ ಎಂಗೆ?" ಎಂದು ಕೇಳುತ್ತಿದ್ದಳು, ಮಗು ಎಲ್ಲಿ ಅಂತ. ಅವಳ ಬಾಯಿ ಮುಚ್ಚಿಸಲು ನನಗೆ ಯಾವ ಭಾಷೆಯಲ್ಲೂ ಮಾತು ಸಿಗಲಿಲ್ಲ.

ಕೊನೆಗೆ ಯಾರಿಗೂ ಹೇಳದೆ ನಾನೇ ರೈಲು ಹತ್ತಿದೆ, ಮಗುವನ್ನು ಎತ್ತಿಕೊಂಡು ಬಂದುಬಿಡುತ್ತೇನೆ ಅಂತ. ಅತ್ತೆಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗು ಅವರ ತೊಡೆಯ ಮೇಲಿತ್ತು. ನನ್ನನ್ನು ಕಂಡು ಓಡಿಬಂದು ಕಾಲು ತಬ್ಬಿಕೊಂಡಿತು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿತು.

"ಕಳ್ಸಿ ಅತ್ತೆಮ್ಮ," ಅಂದೆ. ಕೇಳಿದ್ದೋ ಜಗಳಕ್ಕೆ ನಿಂತದ್ದೋ ನನಗೇ ಗೊತ್ತಾಗದ ದನಿ.

"ಮಗೀನ ಕಳ್ಸೋದು ನನ್ ಕೈಲಿಲ್ಲ ಕಣಮ್ಮ. ಕಟ್ಟೆ ಸೇರ್ಲಿ." ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಅಂಗಳ ದಾಟುವಾಗ ಮಾತ್ರ ಹಿಂದಿನಿಂದ ಕೇಳಿದರು, "ಅವ್ಳು ಒಟ್ಟೆಗೆ ಏನಾದ್ರೂ ತಿಂತಾವ್ಳಾ?"

ನಾನು ಉತ್ತರ ಕೊಡದೆ ಬಂದೆ. ಹೊಡೆಯುವ ಮಗನನ್ನು ಹೆತ್ತವಳಿಗೆ ಸೊಸೆಯ ಹೊಟ್ಟೆಯ ಚಿಂತೆ ಬೇರೆ ಅಂತ ಹಲ್ಲು ಕಡಿದೆ.

ಕಟ್ಟೆ ಸೇರಿತು. ಅಪ್ಪ, ನಾನು, ಅಕ್ಕ ಬೆಳಗಿನ ರೈಲಿಗೇ ಹೋದೆವು. ನಾನು ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದ್ದ ಅದೇ ಯಜಮಾನರು, ಅದೇ ಮುದುಕರು. ನನ್ನನ್ನು ನೋಡಿ ಒಬ್ಬರು ವೀಳ್ಯದೆಲೆ ಕೊಡಲು ಬಂದರು. ಹೆಂಗಸರು ಕಟ್ಟೆಯ ಮೇಲೆ ಕೂರುವ ಹಾಗಿಲ್ಲ. ಬರೆದುಕೊಳ್ಳುವವಳು ಅಂತ ನನಗೊಬ್ಬಳಿಗೆ ವಿನಾಯಿತಿ ಇತ್ತು. ಆ ದಿನ ನಾನು ಅಕ್ಕನ ಜೊತೆ ಕೆಳಗೆ ನೆಲದ ಮೇಲೆ ಕೂತೆ. ಭಾವ ಎದುರಿಗೆ ಟವೆಲ್ಲು ಹಾಸಿಕೊಂಡು ಕೂತಿದ್ದ. ಅತ್ತೆಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ದೂರದ ಸೇದುವ ಬಾವಿಯ ಹತ್ತಿರ ಹೆಂಗಸರ ಗುಂಪಿನಲ್ಲಿದ್ದರು. ಮಗು ಅಮ್ಮನನ್ನು ಕಂಡು ಕೈ ಚಾಚಿ ಕೂಗಿತು. ಅಕ್ಕನ ಬೆನ್ನು ನೆಟ್ಟಗಾಯಿತು, ಆದರೆ ಅವಳು ಏಳಲಿಲ್ಲ.

ಎಲ್ಲ ಕ್ರಮದಂತೆಯೇ ನಡೆಯಿತು. ಮಳೆ, ಬೆಳೆ, ಹುಳ ಬಿದ್ದ ಅವರೆ. "ಗಂಡ ಎಂಡ್ರ ಜಗ್ಳ ಉಂಡು ಮಲ್ಗೋಗಂಟ" ಎಂದು ಒಬ್ಬರು, "ಮಧ್ಯೆ ಕೂಸು ಬಡವಾಯ್ತು" ಎಂದು ಇನ್ನೊಬ್ಬರು. ನಾನು ಎಷ್ಟೋ ಸಲ ಮೆಚ್ಚಿ ತಲೆದೂಗಿದ್ದ ಮಾತುಗಳೇ. ಈಗ ಅವು ನನ್ನ ಅಕ್ಕನ ಏಟು ತಿಂದ ಕೆನ್ನೆಯ ಪಕ್ಕದಲ್ಲಿ ಕೇಳಿಸುತ್ತಿದ್ದವು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಡೆಗೆ ಯಜಮಾನರು ಭಾವನ ಕಡೆ ನೋಡಿ, "ನೀನೂ ವಸಿ ತಾಳ್ಬೇಕಿತ್ತು," ಅಕ್ಕನ ಕಡೆ ನೋಡಿ, "ನೀನೂ ಮನೆ ಬುಟ್ಟು ಓಗ್ಬಾರ್ದಾಗಿತ್ತು. ಇಬ್ರದೂ ಐತೆ. ಪೋನೀಲೇ. ಮಗು ತಾಯಿ ಒಂದಾಗ್ಲಿ" ಅಂದರು. ತಟ್ಟೆ ಬಂತು. ಭಾವ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು, ಮುಗಿಯಿತು ಅನ್ನುವ ಹಾಗೆ ಟವೆಲ್ಲು ಎತ್ತಿ ಹೆಗಲಿಗೆ ಹಾಕಿದ. ತಟ್ಟೆ ಅಕ್ಕನ ಮುಂದೆ ಬಂತು. ಅಕ್ಕನೂ ತೆಗೆದುಕೊಂಡಳು. ತೆಗೆದುಕೊಂಡು, ಅಂಗೈಯಲ್ಲಿಟ್ಟು, ಮುಚ್ಚಿ, ಮಡಿಲಿನ ಮೇಲೆ ಇಟ್ಟುಕೊಂಡಳು.

ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಬ್ಬರು ನಕ್ಕು, "ತಿನ್ನಮ್ಮ, ನಾಚ್ಕೆ ಯಾಕೆ" ಅಂದರು.

"ತಿಂತೀನಿ," ಅಂದಳು ಅಕ್ಕ. "ಅವರು ಕಣದಲ್ಲಿ ಏನು ಮಾಡಿದ್ರು ಅಂತ ಅವರ ಬಾಯಲ್ಲೇ ಹೇಳ್ಲಿ. ಹೇಳಿದ ಕೂಡ್ಲೇ ತಿಂತೀನಿ."

ಯಜಮಾನರು ಸಿಟ್ಟಾಗಲಿಲ್ಲ, ಅವರು ಸಿಟ್ಟಾಗುವ ಪೈಕಿಯಲ್ಲ. "ತಪ್ಪು ಕೇಳೋದು ಈ ಕಟ್ಟೆ ಕ್ರಮ ಅಲ್ಲ ಕಣಮ್ಮ" ಅಂದರು, ಮಗುವಿಗೆ ಹೇಳುವ ಹಾಗೆ.

"ನೀವು ಕೇಳ್ಬೇಡಿ ಮಾವ. ಅವರೇ ಹೇಳ್ಲಿ. ನಾನು ಕಾಯ್ತೀನಿ."

ಬೆಲ್ಲ ಬಾಯಿಗೆ ಬೀಳದೆ ಯಾರೂ ಏಳುವ ಹಾಗಿಲ್ಲ ಎಂದು ಕ್ರಮವಿತ್ತು. ಬೆಲ್ಲವನ್ನು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂದು ಕ್ರಮವಿರಲಿಲ್ಲ. ಕೈಗೆ ಬಂದ ಬೆಲ್ಲವನ್ನು ಬಾಯಿಗೆ ಹಾಕದವರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಅಷ್ಟು ತಿಂಗಳು ಅಲ್ಲಿ ಕೂತಿದ್ದ ನನಗೂ ಅದು ಹೊಳೆದಿರಲಿಲ್ಲ. ಅಕ್ಕ ಕಟ್ಟೆಯ ವಿರುದ್ಧ ಒಂದು ಮಾತೂ ಆಡದೆ, ಕಟ್ಟೆಯನ್ನೇ ಕಟ್ಟಿಹಾಕಿ ಕೂತಿದ್ದಳು.

ಬಿಸಿಲು ಏರಿತು, ನೆರಳು ನಮ್ಮನ್ನು ಬಿಟ್ಟು ಸರಿಯಿತು. ಮೊದಮೊದಲು ಬುದ್ಧಿಮಾತು, ಆಮೇಲೆ ಗೊಣಗಾಟ. ಗಣಿಗೆ ಎರಡನೇ ಪಾಳಿಗೆ ಹೋಗಬೇಕಾದವರು ರೈಲು ತಪ್ಪುತ್ತದೆ ಎಂದು ಚಡಪಡಿಸಿದರು. ಎಮ್ಮೆಗೆ ನೀರು ಕುಡಿಸುವ ಹೊತ್ತು ಎಂದು ಒಬ್ಬರು ಪೇಚಾಡಿದರು. ಇನ್ನೊಬ್ಬ ಮುದುಕರಿಗೆ ಒಂದಕ್ಕೆ ಹೋಗಲು ಅವಸರ, ಈ ಕಡೆ ತೊಡೆಗೊಮ್ಮೆ ಆ ಕಡೆ ತೊಡೆಗೊಮ್ಮೆ ವಾಲುತ್ತಿದ್ದರು, ಪಾಪ. "ಕೊಟ್ಟ ಎಣ್ಣು ಇಷ್ಟು ಅಠ ಮಾಡ್ಬಾರ್ದು" ಅಂದರು ಒಬ್ಬರು. ಅಪ್ಪ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದರು. ಭಾವ ಟವೆಲ್ಲಿನ ಎಳೆ ಬಿಚ್ಚುತ್ತಿದ್ದ. ಅಕ್ಕನ ಮುಷ್ಟಿಯ ಸಂದಿಯಿಂದ ಬೆಲ್ಲದ ನೀರು ಜಿನುಗಿ ಸೀರೆಯ ಮೇಲೆ ಕಲೆಯಾಗಿತ್ತು, ನೊಣ ಮುತ್ತಿದ್ದವು. ಅವಳು ನೊಣವನ್ನೂ ಓಡಿಸಲಿಲ್ಲ.

ಯಜಮಾನರು ಕೊನೆಗೆ ನನ್ನ ಕಡೆ ತಿರುಗಿದರು. "ನೀನಾದ್ರೂ ಬುದ್ಧಿ ಏಳಮ್ಮ. ನಮ್ ಕ್ರಮ ಎಲ್ಲಾ ಬಲ್ಲೋಳು ನೀನು."

ಬಲ್ಲವಳು ಹೌದು. ಆ ಮುದುಕರ ಬಗ್ಗೆ ನನಗಿದ್ದದ್ದು ಬರಿಯ ಓದಿನ ಮೆಚ್ಚುಗೆಯಲ್ಲ, ಪ್ರೀತಿ. ತಪ್ಪು ಕೇಳಿದರೆ ಊರು ಎರಡಾಗುತ್ತದೆ ಎಂಬ ಅವರ ಹೆದರಿಕೆ ಸುಳ್ಳಲ್ಲ ಎಂದು ಅಪ್ಪನ ಅಣ್ಣತಮ್ಮಂದಿರನ್ನು ಕಂಡ ನನಗೆ ಗೊತ್ತಿತ್ತು. ಇಷ್ಟು ಚೆಂದದ ಪದ್ಧತಿ ನನ್ನ ಕಣ್ಣೆದುರೇ ಮುರಿದುಬೀಳುತ್ತದಲ್ಲ ಎಂದು ಸಂಕಟವಾಯಿತು. ಅದೇ ಉಸಿರಿನಲ್ಲಿ, ತಿನ್ನಬೇಡ ಅಕ್ಕ, ಸಂಜೆಯಾಗಲಿ, ತಿನ್ನಬೇಡ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ಓಡಿಬಿಡಬೇಕು ಅನ್ನಿಸಿತು. ಏಳುವ ಹಾಗಿರಲಿಲ್ಲ. ಅಕ್ಕನ ಮಂಡಿಯ ಮೇಲೆ ಕೈಯಿಟ್ಟೆ. ಅವಳು ಇನ್ನೊಂದು ಕೈಯಿಂದ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕಲ್ಲಿನ ಹಾಗೆ ಕೂತಿದ್ದಾಳೆ ಅಂತ ನಾವೆಲ್ಲ ತಿಳಿದಿದ್ದೆವು.

"ನನ್ನ ಹತ್ರ ಬುದ್ಧಿ ಇಲ್ಲ ತಾತ," ಅಂದೆ.

ಆಗ ಬಾವಿಯ ಕಡೆಯಿಂದ ದನಿ ಬಂತು. ಅತ್ತೆಮ್ಮ ಮಗುವನ್ನು ಪಕ್ಕದವಳ ಕೈಗೆ ಕೊಟ್ಟು ಮುಂದೆ ಬಂದಿದ್ದರು. ಜಗಳಕ್ಕೆ ಸೇರದ ಹೆಂಗಸರು ಕಟ್ಟೆಯ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಅವರು ಕಟ್ಟೆಗೆ ಹೇಳಲೂ ಇಲ್ಲ, ನೇರ ಮಗನಿಗೆ ಹೇಳಿದರು.

"ಒಡ್ದೆ ಅಂತ ಅನ್ನಲಾ. ಅಂದ್ರೆ ಬಾಯೇನ್ ಬಿದ್ದೋಗಾಕಿಲ್ಲ. ನಿಮ್ಮಪ್ಪ ಸಾಯೋಗಂಟ ಒಂದ್ ದಪಾನೂ ಅನ್ನಿಲ್ಲ. ನೀನಾದ್ರೂ ಅನ್ನು."

ಕಟ್ಟೆಯ ಮೇಲಿದ್ದವರೆಲ್ಲ ಆಕೆಯ ಗಂಡನ ಜೊತೆಗಾರರು. ಒಬ್ಬರೂ ಕತ್ತೆತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದೂ ವರ್ಷಗಟ್ಟಲೆ ಮಳೆ ಬೆಳೆ ಮಾತಾಡಿದ್ದರು.

ಭಾವ ಟವೆಲ್ಲು ಕೆಳಗಿಟ್ಟ. "ಒಡ್ದೆ" ಅಂದ.

"ಎಲ್ಲಿ?" ಅಂದಳು ಅಕ್ಕ.

"ಕಣದಾಗೆ."

"ಯಾರ ಮುಂದೆ?"

"ಎಲ್ಲಾರ ಮುಂದೆ." ಆಮೇಲೆ ತಾನೇ ಮುಂದುವರಿಸಿದ. "ಬುತ್ತಿ ತಡ ಆಗಿದ್ದಕ್ಕೆ. ಎಮ್ಮೆ ಅಗ್ಗ ಕಿತ್ಕೊಂಡಿತ್ತು ಅಂತ ಆಮೇಲ್ ಗೊತ್ತಾಯ್ತು. ಒಳಗೂ ಒಡ್ದಿವ್ನಿ."

ಕ್ಷಮಿಸು ಅಂತ ಅವನು ಅನ್ನಲಿಲ್ಲ, ಅಕ್ಕ ಕೇಳಲೂ ಇಲ್ಲ. ಮುಷ್ಟಿ ಬಿಚ್ಚಿ ಅಂಗೈಗೆ ಅಂಟಿದ್ದನ್ನು ನೆಕ್ಕಿದಳು. ನೆಕ್ಕುವಾಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು. ಎಲ್ಲರೂ ಒಟ್ಟಿಗೆ ಎದ್ದರು. ಒಂದಕ್ಕೆ ಅವಸರವಾಗಿದ್ದ ಮುದುಕರು ಬೇಲಿಯ ಕಡೆ ಓಡಿದರು. ಮಗು ಯಾರ ಕೈಯಿಂದಲೋ ಜಾರಿ ಬಂದು ಅಕ್ಕನ ಮಡಿಲಲ್ಲಿ ಬಿತ್ತು.

ಅಕ್ಕ ಅಂದೇ ಅವರ ಜೊತೆ ಮನೆಗೆ ಹೋದಳು. ನನಗೆ ಅದು ಒಪ್ಪಿಗೆಯಿರಲಿಲ್ಲ. ಮಗುವನ್ನು ಕರೆದುಕೊಂಡು ನಮ್ಮ ಜೊತೆ ಬಾ ಅಂದೆ. "ನಾನು ಹೋಗ್ತಿರೋದು ನನ್ನ ಮನೆಗೆ. ನೀನು ರೈಲು ತಪ್ಪಿಸ್ಕೋಬೇಡ" ಅಂದಳು. ವಾಪಸು ಬರುವಾಗ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅಪ್ಪ ಬೆಂಚಿನ ಮೇಲೆ ಕೂತರು, ನಾನು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಬಾಯಲ್ಲಿ ಒಪ್ಪಿಕೊಂಡ ಕೈ ಸುಮ್ಮನಿರುತ್ತದೆ ಅಂತ ಯಾವ ಭರವಸೆ?

ಮೈಸೂರಿಗೆ ಹೋದಾಗ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಇದು ಅಪವಾದ. ಮುಖ್ಯ ವಾದಕ್ಕೆ ಅಡ್ಡ ಬರುತ್ತೆ. ಬೇಕಾದರೆ ಅಡಿಟಿಪ್ಪಣಿಯಲ್ಲಿ ಹಾಕಿ" ಅಂದರು. ನನ್ನ ಅಕ್ಕ ಅಡಿಟಿಪ್ಪಣಿಯಂತೆ! ಅವರ ಮೇಜಿನ ಮೇಲಿದ್ದ ನನ್ನ ಅಧ್ಯಾಯಗಳನ್ನು ಬಾಚಿಕೊಂಡು ಬಂದೆ. ಅಪರಾಧಿಯೇ ಇಲ್ಲದ ನ್ಯಾಯ ಎಂಬ ತಲೆಬರಹವನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ. ಕಟ್ಟೆ ಸುಳ್ಳು ಅನ್ನಲು ಬಾಯಿ ಬರಲಿಲ್ಲ, ಕೋರ್ಟಿಗೆ ಹೋಗಿದ್ದರೆ ಭಾವ ಆ ಮಾತನ್ನು ಸತ್ತರೂ ಆಡುತ್ತಿರಲಿಲ್ಲ. ಕಟ್ಟೆ ಸರಿ ಅನ್ನಲೂ ಆಗಲಿಲ್ಲ. ಬರೆಯುವುದು, ಹರಿಯುವುದು, ಎದ್ದು ಓಡಾಡುವುದು, ಹೀಗೇ ಮಳೆಗಾಲ ಕಳೆಯಿತು.

ಅವರೆಕಾಯಿ ಮತ್ತೆ ಬಂದ ಕಾಲದಲ್ಲಿ ಒಂದು ದಿನ ಬಾಗಿಲು ತೆಗೆದರೆ ಅತ್ತೆಮ್ಮ. ಒಬ್ಬರೇ ರೈಲು ಹತ್ತಿ ಬಂದಿದ್ದರು. ತಲೆಯ ಮೇಲೆ ಅವರೆಕಾಯಿ ಗಂಟು. ಅಪ್ಪ ಪಾಳಿಗೆ ಹೋಗಿದ್ದರು, ಅಮ್ಮ ಸಂತೆಗೆ. ನಾನು ನೀರು ಕೊಟ್ಟು ನಿಂತುಕೊಂಡೇ ಮೊದಲು ಕೇಳಿದ್ದು ಒಂದೇ.

"ಮತ್ತೆ ಕೈ ಎತ್ತಿದ್ನಾ?"

"ಎತ್ತಿದ್ದ ಒಂದ್ಕಿತ," ಅಂದರು. ಸುಳ್ಳು ಹೇಳುವ ಹೆಂಗಸಲ್ಲ. "ಎತ್ದೋನು ಸುತ್ತ ನೋಡ್ದ, ಊರೋರೆಲ್ಲಾ ನಿಂತವ್ರೇನೋ ಅನ್ನಂಗೆ. ಇಳುಸ್ಕಂಡು ಒಲ್ದ ಕಡೆ ಓದ. ಆಮೇಕೆ ಎತ್ತಿಲ್ಲ. ನಾನೂ ನೋಡ್ಕಂಡೇ ಇವ್ನಿ."

ನೀರು ಕುಡಿದು ಲೋಟ ಪಕ್ಕಕ್ಕಿಟ್ಟರು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು. ಅವರ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಅಷ್ಟು ಸಲ ಅವರ ಕೈಯಿಂದ ಮುದ್ದೆ ಇಕ್ಕಿಸಿಕೊಂಡಿದ್ದರೂ ನಾನದನ್ನು ನೋಡಿರಲಿಲ್ಲ.

"ನಿನ್ನನ್ನ ಒಂದ್ ಮಾತು ಕೇಳಾನ ಅಂತ ಬಂದೆ. ನೀನು ಕಟ್ಟೆ ವಿಚಾರ ಎಲ್ಲಾ ಓದ್ದೋಳು. ಸತ್ತೋನ್ನ ಕಟ್ಟೆಗೆ ಕರ್ಸೋದು ಎಲ್ಲಾದ್ರೂ ಐತಾ?"

ನಾನು ತಿಂಗಳುಗಟ್ಟಲೆ ಕೂತದ್ದು, ಬೇರೆ ಬೇರೆ ಊರಿನಲ್ಲಿ ಕೇಳಿದ್ದು, ಮೈಸೂರಿನಲ್ಲಿ ಓದಿದ್ದು, ಎಲ್ಲವನ್ನೂ ತಡಕಿದೆ. ಎಲ್ಲೂ ಇರಲಿಲ್ಲ.

"ಇಲ್ಲ ಅತ್ತೆಮ್ಮ," ಅಂದೆ.

"ನಂಗೂ ಗೊತ್ತಿತ್ತು. ಆದ್ರೂ ಕೇಳ್ದೆ." ಹೊರಗೆ ಪಾಳಿಯ ಸೈರನ್ನು ಕೂಗಿತು. ಅದು ನಿಲ್ಲುವವರೆಗೆ ಕಾದರು. ಆಮೇಲೆ ಗೋಡೆಗೆ ಒರಗಿ, ಕಾಲು ನೀಡಿ, ನನ್ನ ಮುಖ ನೋಡದೆ ಶುರು ಮಾಡಿದರು.

"ಮೊದ್ಲ ಏಟು ಬಿದ್ದಾಗ ನಾನಿನ್ನೂ ದೊಡ್ಡೋಳೂ ಆಗಿರ್ಲಿಲ್ಲ ಕಣಮ್ಮ."